ತಪ್ಪು ಮುಳ್ಳಿನದೋ, ಕೊಳವೆಯದೋ?

ಯಂತ್ರವೊಂದು ಕೆಟ್ಟಿತೆಂದು ಕಂಡೊಡನೆ ಅದರ ಮುಖವನ್ನು ದೂರುವುದು ಮನುಷ್ಯನ ಸ್ವಭಾವ. ಗಡಿಯಾರ ಹಿಂದೆ ಬಿದ್ದರೆ ಮುಳ್ಳನ್ನು ಮುಂದಕ್ಕೆ ತಿರುಗಿಸುತ್ತೇವೆ. ತಕ್ಕಡಿ ತೂಕ ತಪ್ಪಿದರೆ ಅದರ ತಟ್ಟೆಯನ್ನು ಬಡಿಯುತ್ತೇವೆ. ಒಬ್ಬಿಬ್ಬರು ಕುಳಿತು ಹಾರುವ ಸಣ್ಣ ವಿಮಾನಗಳ ಲೋಕದಲ್ಲಿಯೂ ಇದೇ ಅಭ್ಯಾಸ ಬೇರೂರಿದೆ. ವೇಗಮಾಪಕದ ಮುಳ್ಳು ಹತ್ತು ನಾಟ್ ಹೆಚ್ಚು ತೋರಿಸಿತೋ, 'ಮಾಪಕ ಕೆಟ್ಟಿದೆ, ಬಿಚ್ಚಿ ಬೇರೊಂದನ್ನು ಹಾಕಿ' ಎಂಬ ಮಾತು ಮೊದಲು ಬರುತ್ತದೆ. ಹೊಸ ಮಾಪಕ ಬಂದು ಕುಳಿತ ಮೇಲೂ ಮುಳ್ಳು ಅದೇ ಹತ್ತು ನಾಟ್ ಹೆಚ್ಚು ತೋರಿಸಿದರೆ ಆಶ್ಚರ್ಯಪಡಬೇಕಾಗಿಲ್ಲ. ಮುಳ್ಳು ತನಗೆ ತಲುಪಿದ ಸುದ್ದಿಯನ್ನು ಹೇಳುತ್ತದೆ. ಸುದ್ದಿಯನ್ನು ಹೊತ್ತು ತರುವುದು ಕೊಳವೆ. ದೂತ ದಾರಿಯಲ್ಲಿ ಎಡವಿದ್ದರೆ ಓದಿ ಹೇಳಿದವನನ್ನು ಶಿಕ್ಷಿಸಿ ಫಲವೇನು?

ಊಹೆಯ ಮೇಲೆ ಭಾಗಗಳನ್ನು ಬದಲಾಯಿಸುತ್ತ ಹೋಗುವ ಈ ಪದ್ಧತಿ ದುಬಾರಿಯಾದದ್ದು. ಅದಕ್ಕಿಂತ ಹೆಚ್ಚಾಗಿ, ಅದು ಅಪಾಯಕರವಾದದ್ದೆಂದು ನಮ್ಮ ಅಭಿಪ್ರಾಯ. ಮಾಪಕವನ್ನು ಬಿಚ್ಚುವಾಗ ಗಟ್ಟಿಯಾಗಿದ್ದ ಜೋಡಣೆಗಳು ಸಡಿಲಗೊಳ್ಳುತ್ತವೆ. ಇದ್ದ ಒಂದು ದೋಷದ ಜೊತೆಗೆ ಎರಡನೆಯದೊಂದು ಸೇರಿಕೊಳ್ಳುತ್ತದೆ. ಕೈಗೆ ತಿರುಪುಳಿ ಬರುವ ಮೊದಲು ತಲೆಗೆ ಕೆಲಸ ಕೊಟ್ಟರೆ ದೋಷದ ನೆಲೆಯನ್ನು ಬಹುಮಟ್ಟಿಗೆ ಕುಳಿತಲ್ಲಿಂದಲೇ ಗುರುತಿಸಬಹುದು. ಹೇಗೆಂಬುದನ್ನು ವಿಮಾನವನ್ನು ಎಂದೂ ಹತ್ತದ ವಿದ್ಯಾರ್ಥಿಯೂ ತಿಳಿಯುವಂತಿದೆ. ಕಾಲೇಜಿನಲ್ಲಿ ಬರ್ನೂಲಿಯ ನಿಯಮವನ್ನು ಓದಿದವರಿಗಂತೂ ಅರ್ಧ ದಾರಿ ಈಗಾಗಲೇ ಸವೆದಿದೆ.

ಫ್ರಾನ್ಸಿನ ಆಂರಿ ಪಿಟೋ ಎಂಬ ಇಂಜಿನಿಯರ್ 1732ರಲ್ಲಿ ಸೇನ್ ನದಿಯ ಹರಿವನ್ನು ಅಳೆಯಲು ಬಾಗಿದ ಕೊಳವೆಯೊಂದನ್ನು ಬಳಸಿದನು. ಹರಿವಿಗೆ ಬಾಯೊಡ್ಡಿದ ಕೊಳವೆಯಲ್ಲಿ ನೀರು ಸುತ್ತಲಿನ ಮಟ್ಟಕ್ಕಿಂತ ಮೇಲೇರಿ ನಿಲ್ಲುತ್ತಿತ್ತು. ಆ ಏರಿಕೆಯಿಂದ ಅವನು ವೇಗವನ್ನು ತಿಳಿದನು. ವಿಮಾನದ ರೆಕ್ಕೆಯ ಕೆಳಗೆ ಮುಂದಕ್ಕೆ ಚಾಚಿಕೊಂಡಿರುವ ಬೆರಳುದ್ದದ ಕೊಳವೆ ಅದರ ವಂಶದ್ದೇ. ಅದರ ಬಾಯಿಗೆ ಎದುರುಗಾಳಿ ಬಡಿದು ನಿಲ್ಲುವುದರಿಂದ ಒಳಗೆ ಒತ್ತಡ ಹೆಚ್ಚುತ್ತದೆ. ವಿಮಾನದ ಪಕ್ಕೆಯಲ್ಲಿ, ಗಾಳಿ ಸವರಿಕೊಂಡು ಹೋಗುವೆಡೆ, ಸಣ್ಣ ರಂಧ್ರವೊಂದಿರುತ್ತದೆ. ಇದು ಸುತ್ತಲಿನ ವಾತಾವರಣದ ಒತ್ತಡವನ್ನಷ್ಟೇ ಗ್ರಹಿಸುವುದರಿಂದ ಇದಕ್ಕೆ ಸ್ಥಿರ ರಂಧ್ರವೆಂದು ಹೆಸರು. ವೇಗಮಾಪಕದೊಳಗಿನ ತೆಳುಲೋಹದ ಡಬ್ಬಿಗೆ ಪಿಟೋ ಒತ್ತಡ ಒಳಗಿನಿಂದಲೂ ಸ್ಥಿರ ಒತ್ತಡ ಹೊರಗಿನಿಂದಲೂ ತಾಗುತ್ತದೆ. ಇವೆರಡರ ಅಂತರಕ್ಕೆ ತಕ್ಕಂತೆ ಡಬ್ಬಿ ಉಬ್ಬುತ್ತದೆ, ಮುಳ್ಳು ಚಲಿಸುತ್ತದೆ. ಎತ್ತರಮಾಪಕಕ್ಕೂ, ಏರುವ ಇಳಿಯುವ ವೇಗವನ್ನು ತೋರಿಸುವ ಏರಿಳಿತಮಾಪಕಕ್ಕೂ ಪಿಟೋ ಕೊಳವೆಯ ಸಂಬಂಧವಿಲ್ಲ; ಅವು ಸ್ಥಿರ ರಂಧ್ರವೊಂದನ್ನೇ ನಂಬಿಕೊಂಡಿವೆ. ಮೂರು ಮಾಪಕಗಳು, ಎರಡು ಕೊಳವೆಗಳು: ದೋಷಶೋಧನೆಯ ಬೀಗದ ಕೈ ಈ ಲೆಕ್ಕದಲ್ಲಿಯೇ ಇದೆ.

ಇಲ್ಲಿ ವ್ಯವಹರಿಸುವ ಒತ್ತಡಗಳು ಎಷ್ಟು ಸಣ್ಣವೆಂಬುದನ್ನು ವಾಚಕರು ಮನಗಾಣಬೇಕು. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರು. ಸಮುದ್ರ ಮಟ್ಟದಲ್ಲಿ 100 ನಾಟ್ ವೇಗದ ವಿಮಾನದ ಪಿಟೋ ಕೊಳವೆಯಲ್ಲಿ ಹುಟ್ಟುವ ಹೆಚ್ಚುವರಿ ಒತ್ತಡ 165 ಮಿಲಿಮೀಟರ್ ನೀರನ್ನು ಎತ್ತಿ ಹಿಡಿಯುವಷ್ಟು ಮಾತ್ರ. ವೇಗ ಅರ್ಧವಾದರೆ ಒತ್ತಡ ಕಾಲುಭಾಗಕ್ಕೆ ಇಳಿಯುವುದರಿಂದ 50 ನಾಟ್‌ಗೆ 41 ಮಿಲಿಮೀಟರು. ಸಣ್ಣ ವಿಮಾನಗಳು ನೆಲಕ್ಕೆ ಇಳಿಯುವುದು ಇದರ ಆಸುಪಾಸಿನ ವೇಗದಲ್ಲಿ. ಕುಡಿಯುವ ಲೋಟದ ಅರ್ಧದಷ್ಟೂ ಆಗದ ನೀರಿನ ಎತ್ತರವನ್ನು ನೆಚ್ಚಿಕೊಂಡು ಚಾಲಕನು ತನ್ನ ಪ್ರಾಣವನ್ನು ನೆಲಕ್ಕೆ ತರುತ್ತಾನೆ! ಕೊಳವೆಯ ತಗ್ಗಿನಲ್ಲಿ ನಿಂತ ಒಂದೆರಡು ತೊಟ್ಟು ಮಳೆನೀರು, ಒಂದು ಸಡಿಲ ಜೋಡಣೆ, ರಂಧ್ರದ ಬಾಯಲ್ಲಿ ಉಳಿದ ಮೇಣದ ಚೂರು ಏನು ಅನಾಹುತ ಮಾಡಬಲ್ಲವೆಂಬುದನ್ನು ಇದರಿಂದ ಊಹಿಸಬಹುದು.

ಈಗ ದೋಷವನ್ನು ವಿಂಗಡಿಸುವ ಬಗೆ. ವೇಗಮಾಪಕವೊಂದೇ ತಪ್ಪಿದ್ದು ಉಳಿದೆರಡು ಸರಿಯಾಗಿದ್ದರೆ ಸಂಶಯ ಪಿಟೋ ಕೊಳವೆಯ ಮೇಲೆ, ಆಮೇಲೆ ಮಾಪಕದ ಮೇಲೆ. ಮೂರೂ ಒಟ್ಟಿಗೆ ತಪ್ಪಿದರೆ ಮೂರು ಮಾಪಕಗಳು ಒಂದೇ ದಿನ ಕೆಟ್ಟವೆಂದು ನಂಬುವುದಕ್ಕಿಂತ ಅವುಗಳಿಗೆ ಸಮಾನವಾದ ಸ್ಥಿರ ಮಾರ್ಗ ಕೆಟ್ಟಿತೆಂದು ನಂಬುವುದು ವಿವೇಕ. ಎತ್ತರಮಾಪಕವೊಂದೇ ತಪ್ಪು ಹೇಳಿದರೆ ಮೊದಲು ಅದರ ಕಿಟಕಿಯಲ್ಲಿ ಕೂಡಿಸಿರುವ ಆ ದಿನದ ವಾತಾವರಣದ ಒತ್ತಡವನ್ನು ನೋಡಬೇಕು. ಅಲ್ಲಿ ಒಂದು ಮಿಲಿಬಾರ್ ತಪ್ಪಿದರೆ ಸುಮಾರು 27 ಅಡಿ ತಪ್ಪುತ್ತದೆ.

ಈ ಸೂತ್ರ ಅಚ್ಚುಕಟ್ಟಾಗಿದೆ. ಅಚ್ಚುಕಟ್ಟಾದುದರಿಂದಲೇ ಮೋಸಮಾಡುವುದೂ ಉಂಟು. ಸ್ಥಿರ ಮಾರ್ಗದ ಒತ್ತಡ ಒಂದೇ ಒಂದು ಮಿಲಿಬಾರ್ ಕಡಮೆಯಾಯಿತೆನ್ನೋಣ. ಎತ್ತರಮಾಪಕ 27 ಅಡಿ ಹೆಚ್ಚು ತೋರಿಸುತ್ತದೆ. ಅದನ್ನು ಯಾರೂ ಗಮನಿಸುವುದಿಲ್ಲ. ಆದರೆ 60 ನಾಟ್ ವೇಗದಲ್ಲಿ ವೇಗಮಾಪಕಕ್ಕೆ ದೊರೆಯುವ ಒಟ್ಟು ಅಂತರವೇ ಆರು ಮಿಲಿಬಾರಿಗಿಂತ ಸ್ವಲ್ಪ ಕಡಮೆ. ಅದರ ಮೇಲೆ ಒಂದು ಮಿಲಿಬಾರ್ ಕೂಡಿದರೆ ಮುಳ್ಳು 65ಕ್ಕೆ ಏರುತ್ತದೆ. ಐದು ನಾಟ್ ತಪ್ಪು ಕಣ್ಣಿಗೆ ಬೀಳುತ್ತದೆ, ಇಪ್ಪತ್ತೇಳು ಅಡಿ ಬೀಳುವುದಿಲ್ಲ. ನೋಡುವವನು 'ವೇಗಮಾಪಕವೊಂದೇ ಕೆಟ್ಟಿದೆ' ಎಂದು ತೀರ್ಮಾನಿಸಿ ಪಿಟೋ ಕೊಳವೆಯನ್ನು ಕೆದಕತೊಡಗುತ್ತಾನೆ. ದೊಡ್ಡ ದೋಷಗಳಲ್ಲಿ ಸೂತ್ರವನ್ನು ನಂಬಬಹುದು. ಸಣ್ಣ ದೋಷಗಳಲ್ಲಿ ಎರಡು ಕೊಳವೆಗಳನ್ನೂ ಒರೆಗೆ ಹಚ್ಚಬೇಕು.

ಒತ್ತಡ ಹೆಚ್ಚಿಸದ ಸಣ್ಣ ವಿಮಾನಗಳ ಕೋಣೆಯಲ್ಲಿ, ಹೊರಗೆ ಹರಿಯುವ ಗಾಳಿಯ ಎಳೆತದಿಂದಾಗಿ, ಒತ್ತಡ ಸಾಮಾನ್ಯವಾಗಿ ಹೊರಗಿನದಕ್ಕಿಂತ ತುಸು ಕಡಮೆಯಿರುತ್ತದೆ. ಮಾಪಕಫಲಕದ ಹಿಂದೆ ಸ್ಥಿರ ಕೊಳವೆ ಬಿರುಕುಬಿಟ್ಟರೆ ಮೇಲೆ ಹೇಳಿದ ತಪ್ಪೇ ಉಂಟಾಗುತ್ತದೆ: ವೇಗಮಾಪಕ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಪಿಟೋ ಕೊಳವೆ ಸೋರಿದರೆ ಇದಕ್ಕೆ ವಿರುದ್ಧವಾಗಿ ಕಡಮೆ ತೋರಿಸುತ್ತದೆ. ಈ ಎರಡನ್ನೂ ಒಂದೇ ಸಮನಾಗಿ ಎಣಿಸುವವರನ್ನು ನಾವು ಒಪ್ಪಲಾರೆವು. ಕಡಮೆ ತೋರಿಸುವ ಮಾಪಕವನ್ನು ನಂಬಿದವನು ವೇಗವಾಗಿ ಇಳಿದು ಓಟದ ದಾರಿಯನ್ನು ಹೆಚ್ಚು ಬಳಸುತ್ತಾನೆ. ಹೆಚ್ಚು ತೋರಿಸುವುದನ್ನು ನಂಬಿದವನಾದರೋ ನೆಲದ ಹತ್ತಿರ ತನಗರಿವಿಲ್ಲದೆ ನಿಧಾನನಾಗುತ್ತಾನೆ. ರೆಕ್ಕೆ ಗಾಳಿಯ ಹಿಡಿತವನ್ನು ಕಳೆದುಕೊಂಡರೆ ಸರಿಪಡಿಸಿಕೊಳ್ಳಲು ಎತ್ತರವೇ ಇರುವುದಿಲ್ಲ.

ಕೊಳವೆ ಪೂರ್ತಿ ಮುಚ್ಚಿಹೋದರೆ ನಡೆಯುವುದು ಇನ್ನೂ ವಿಚಿತ್ರ. ಸ್ಥಿರ ರಂಧ್ರ ನೆಲದ ಮೇಲೆಯೇ ಮುಚ್ಚಿದ್ದು ವಿಮಾನ 75 ನಾಟ್ ವೇಗದಲ್ಲಿ ಮೇಲೇರಿತೆಂದು ಇಟ್ಟುಕೊಳ್ಳಿ. ಎತ್ತರಮಾಪಕ ಕದಲುವುದಿಲ್ಲ. ಹೊರಗಿನ ಒತ್ತಡ ಇಳಿಯುತ್ತಿದ್ದಂತೆ ಪಿಟೋ ಒತ್ತಡವೂ ಇಳಿಯುತ್ತದೆ, ಸೆರೆಯಾದ ಸ್ಥಿರ ಒತ್ತಡ ಮಾತ್ರ ಇದ್ದಂತೆಯೇ ಇರುತ್ತದೆ. 75 ನಾಟಿನ ಪೂರ್ಣ ಅಂತರ ಒಂಬತ್ತು ಮಿಲಿಬಾರ್. ಅಷ್ಟು ಇಳಿತಕ್ಕೆ ಸುಮಾರು 250 ಅಡಿ ಏರಿದರೆ ಸಾಕು: ವೇಗಮಾಪಕ ಸೊನ್ನೆಗೆ ಬಂದು ನಿಲ್ಲುತ್ತದೆ! ಪಿಟೋ ಕೊಳವೆಯ ಬಾಯಿ ಮಾತ್ರ ಮುಚ್ಚಿ, ನೀರು ಹೋಗಲು ಇಟ್ಟಿರುವ ಕಿರುರಂಧ್ರ ತೆರೆದಿದ್ದರೆ, ಆಗಲೂ ಮುಳ್ಳು ಸೊನ್ನೆಗೆ ಇಳಿಯುತ್ತದೆ. ಬಾಯಿಯೂ ಕಿರುರಂಧ್ರವೂ ಹಾರಾಟದ ನಡುವೆ ಮುಚ್ಚಿಕೊಂಡರೆ ವೇಗಮಾಪಕವು ಎತ್ತರಮಾಪಕದ ವೇಷ ಧರಿಸುತ್ತದೆ. 75 ನಾಟಿನಲ್ಲಿ ಮುಚ್ಚಿದ ಮೇಲೆ ಸಾವಿರ ಅಡಿ ಏರಿದರೆ ಅದು ಸುಮಾರು 165 ನಾಟ್ ತೋರಿಸುವುದು. ವೇಗ ಮಿತಿಮೀರುತ್ತಿದೆಯೆಂದು ಬೆದರಿದ ಚಾಲಕ ಮೂತಿಯನ್ನು ಇನ್ನೂ ಮೇಲಕ್ಕೆ ಎತ್ತುತ್ತಾನೆ, ವಿಮಾನ ಇನ್ನೂ ಏರುತ್ತದೆ, ಮುಳ್ಳು ಇನ್ನೂ ಓಡುತ್ತದೆ. ನಿಜವಾದ ವೇಗ ಮಾತ್ರ ಕುಸಿಯುತ್ತದೆ.

ಇದು ಬರಿಯ ಲೆಕ್ಕವಲ್ಲ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ಪುಯೆರ್ತೊ ಪ್ಲಾತಾದಿಂದ ಹೊರಟ ಬೋಯಿಂಗ್ 757 ವಿಮಾನ ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತರು. ನಿಂತಿದ್ದ ದಿನಗಳಲ್ಲಿ ಪಿಟೋ ಕೊಳವೆಗೆ ಮುಸುಕು ಹಾಕದೆ ಬಿಟ್ಟುದರಿಂದ, ಬಹುಶಃ ಮಣ್ಣಿನ ಗೂಡು ಕಟ್ಟುವ ಕಣಜದ ಹುಳು ಅದನ್ನು ಮುಚ್ಚಿತ್ತು. ಓಟದ ದಾರಿಯಲ್ಲಿರುವಾಗಲೇ ತನ್ನ ವೇಗಮಾಪಕ ಕೆಲಸ ಮಾಡುತ್ತಿಲ್ಲವೆಂದು ಕಂಡೂ ಮುಖ್ಯ ಚಾಲಕನು ಓಟವನ್ನು ನಿಲ್ಲಿಸಲಿಲ್ಲ. ಅದೇ ವರ್ಷ ಅಕ್ಟೋಬರ್ 2ರಂದು ಪೆರು ದೇಶದ ಲಿಮಾದಿಂದ ರಾತ್ರಿ ಹೊರಟ ಇನ್ನೊಂದು 757ರ ಸ್ಥಿರ ರಂಧ್ರಗಳ ಮೇಲೆ, ವಿಮಾನವನ್ನು ತೊಳೆಯುವಾಗ ಅಂಟಿಸಿದ ಪಟ್ಟಿ ಹಾಗೆಯೇ ಉಳಿದಿತ್ತು. ಕತ್ತಲಲ್ಲಿ ದಿಕ್ಕುಗೆಟ್ಟ ಚಾಲಕರು ತಮ್ಮ ಎತ್ತರವೆಷ್ಟೆಂದು ನೆಲದ ನಿಯಂತ್ರಕನನ್ನು ಕೇಳಿದರು. 9,700 ಅಡಿಯೆಂದು ಅವನು ಹೇಳಿದನು. ಅವನ ರೇಡಾರ್ ಪರದೆಯ ಮೇಲಿನ ಆ ಅಂಕಿ ಬಂದದ್ದು ಅದೇ ವಿಮಾನದ ಅದೇ ಮುಚ್ಚಿದ ರಂಧ್ರದಿಂದ! ವಿಮಾನ ಆ ವೇಳೆಗೆ ಶಾಂತ ಸಾಗರವನ್ನು ಮುಟ್ಟುತ್ತಿತ್ತು. 70 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಸುಳ್ಳುಸಾಕ್ಷಿಯ ಮಾತನ್ನೇ ಕೇಳಿ ಬಂದವನನ್ನು ಎರಡನೆಯ ಸಾಕ್ಷಿಯೆಂದು ಕರೆದರೆ ಆಗುವುದು ಇಷ್ಟೇ. ಅಳತೆಯನ್ನು ಅಳತೆಯಿಂದ ಪರೀಕ್ಷಿಸುವಾಗ ಎರಡಕ್ಕೂ ಒಂದೇ ಮೂಲವಿದೆಯೇ ಎಂದು ಮೊದಲು ಕೇಳಬೇಕೆಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನವನ್ನು ನಾವು ಕಾಣೆವು.

ದೊಡ್ಡ ವಿಮಾನಗಳ ಕಥೆ ಸಣ್ಣ ವಿಮಾನಕ್ಕೇಕೆ ಎನ್ನಬಹುದು. ಕೊಳವೆ ಎರಡರಲ್ಲಿಯೂ ಒಂದೇ. ಮೇಲಾಗಿ ಸಣ್ಣ ವಿಮಾನದಲ್ಲಿ ಬಹುಮಟ್ಟಿಗೆ ಒಂದೇ ಪಿಟೋ ಇರುವುದರಿಂದ ಹೋಲಿಸಿ ನೋಡಲು ಇನ್ನೊಂದಿಲ್ಲ.

ನೆಲದ ಮೇಲೆ ಮಾಡುವ ಪರೀಕ್ಷೆಗಳು ಸರಳವಾದವು. ಪಿಟೋ ಕೊಳವೆಗೆ ಮೆದುವಾದ ರಬ್ಬರ್ ನಳಿಕೆಯೊಂದನ್ನು ತೊಡಿಸಿ, ಕಿರುರಂಧ್ರವನ್ನು ಮುಚ್ಚಿ, ನಳಿಕೆಯ ಇನ್ನೊಂದು ತುದಿಯನ್ನು ಮಡಿಚಿ ಚಾಪೆ ಸುತ್ತಿದಂತೆ ಮೆಲ್ಲನೆ ಸುತ್ತುತ್ತ ಬಂದರೆ ಒಳಗಿನ ಗಾಳಿ ಅದುಮಿ ಮುಳ್ಳು ಏರುತ್ತದೆ. ಅಲ್ಲಿಗೆ ನಿಲ್ಲಿಸಿ ಹಿಡಿದಾಗ ಮುಳ್ಳು ಕೆಳಗಿಳಿಯತೊಡಗಿದರೆ ಸೋರಿಕೆಯಿದೆ. ಸ್ಥಿರ ಮಾರ್ಗದಿಂದ ಗಾಳಿಯನ್ನು ಮೆಲ್ಲನೆ ಹೀರಿ ಎತ್ತರಮಾಪಕವನ್ನು ಸಾವಿರ ಅಡಿ ಮೇಲೇರಿಸಿ ಮುಚ್ಚುತ್ತಾರೆ. ಒಂದು ನಿಮಿಷದಲ್ಲಿ 100 ಅಡಿಗಿಂತ ಹೆಚ್ಚು ಇಳಿಯಬಾರದೆಂಬುದು ಇಂಥ ವಿಮಾನಗಳಿಗೆ ಅಮೆರಿಕದ ನಿಯಮ. ಹೀಗೆ ಹೀರುವಾಗ ಪಿಟೋ ಬಾಯಿ ತೆರೆದಿದ್ದರೆ ವೇಗಮಾಪಕವೂ ಸುಮಾರು 150 ನಾಟಿಗೆ ಜಿಗಿಯುವುದೆಂಬುದನ್ನು ಮರೆಯಬಾರದು. ಆದುದರಿಂದ ಎರಡಕ್ಕೂ ಒಂದೇ ಎಳೆತವನ್ನು ಕೊಡುವುದು ಕ್ಷೇಮ. ಬಾಯಿಯಿಂದ ಊದುವುದು, ಮಾಪಕಗಳನ್ನು ಬಿಚ್ಚದೆ ಯಂತ್ರದ ಒತ್ತುಗಾಳಿಯನ್ನು ಬಿಡುವುದು ಇವೆರಡನ್ನು ಮಾತ್ರ ಖಂಡಿತ ಮಾಡತಕ್ಕದ್ದಲ್ಲ. ಕಾಗದದಷ್ಟು ತೆಳುವಾದ ಡಬ್ಬಿ ಅದನ್ನು ತಾಳದು.

ಹಾರಾಟದಲ್ಲಿಯೂ ಒಂದು ಸೊಗಸಾದ ಪರೀಕ್ಷೆಯುಂಟು. ಅನೇಕ ಸಣ್ಣ ವಿಮಾನಗಳಲ್ಲಿ, ಹೊರಗಿನ ಸ್ಥಿರ ರಂಧ್ರ ಮುಚ್ಚಿದರೆ ಕೋಣೆಯ ಗಾಳಿಯನ್ನು ತೆಗೆದುಕೊಳ್ಳಲು ಬದಲಿ ತಿರುಗುಣಿಯೊಂದಿರುತ್ತದೆ. ಅದನ್ನು ತೆರೆದಾಗ ಎತ್ತರಮಾಪಕವೂ ವೇಗಮಾಪಕವೂ ಸಾಮಾನ್ಯವಾಗಿ ತುಸು ಮೇಲೇರಬೇಕು. ಏರಿದರೆ ಎಲ್ಲವೂ ಸರಿ. ಏನೂ ಬದಲಾಗದಿದ್ದರೆ ಚಾಲಕರು ಸಮಾಧಾನಪಡುವುದುಂಟು. ನಿಜವಾಗಿ ಸಂಶಯಪಡಬೇಕಾದದ್ದು ಆಗಲೇ. ಮಾಪಕಗಳು ಮೊದಲಿನಿಂದಲೂ ಕೋಣೆಯ ಗಾಳಿಯನ್ನೇ, ಯಾವುದೋ ಬಿರುಕಿನ ಮೂಲಕ, ಕುಡಿಯುತ್ತಿರಬಹುದು.

ಉಪಗ್ರಹಗಳ ನೆರವಿನಿಂದ ವೇಗವನ್ನು ತಿಳಿಸುವ ಜಿಪಿಎಸ್ ಎಲ್ಲರ ಕೈಯಲ್ಲಿಯೂ ಇರುವಾಗ ಹದಿನೆಂಟನೆಯ ಶತಮಾನದ ಕೊಳವೆಯ ಗೊಡವೆಯೇಕೆಂದು ಕೇಳುವವರಿದ್ದಾರೆ. ಜಿಪಿಎಸ್ ಹೇಳುವುದು ನೆಲದ ಮೇಲಿನ ವೇಗವನ್ನು. ರೆಕ್ಕೆ ಬಲ್ಲುದು ಗಾಳಿಯ ವೇಗವನ್ನು. ಹಿಂದಿನಿಂದ 20 ನಾಟ್ ಗಾಳಿ ಬೀಸುತ್ತಿದ್ದರೆ ಜಿಪಿಎಸ್ 70 ಎನ್ನುವಾಗ ರೆಕ್ಕೆಗೆ ದೊರೆಯುವುದು 50 ಮಾತ್ರ. ಗಾಳಿಯ ಜೊತೆಗೊಮ್ಮೆ, ಎದುರಾಗಿ ಇನ್ನೊಮ್ಮೆ ಹಾರಿ ಎರಡರ ಸರಾಸರಿಯನ್ನು ತೆಗೆದರೆ ವೇಗಮಾಪಕವನ್ನು ಪರೀಕ್ಷಿಸಲು ಜಿಪಿಎಸ್ ಒಳ್ಳೆಯ ಸ್ವತಂತ್ರ ಸಾಕ್ಷಿಯಾಗುತ್ತದೆ, ಅದು ನಿಜ. ಆಗಲೂ ಎತ್ತರದ ಲೆಕ್ಕವನ್ನು ಬಿಡುವಂತಿಲ್ಲ. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣವು ಸಮುದ್ರ ಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿದೆ. ಅಲ್ಲಿಯ ತೆಳುಗಾಳಿಯಲ್ಲಿ ವೇಗಮಾಪಕ 60 ಎಂದಾಗ ನಿಜವೇಗ ಸುಮಾರು 63. ಈ ಮೂರು ನಾಟ್ ದೋಷವಲ್ಲ, ಭೌತಶಾಸ್ತ್ರ. ಇನ್ನು ಕೆಲವು ಅನುಭವಿಗಳು ಇಂಜಿನಿನ ಸದ್ದಿನಿಂದ, ಕೈಗೋಲಿನ ಬಿಗಿಯಿಂದ ವೇಗವನ್ನು ಹೇಳಬಲ್ಲೆವೆನ್ನುವರು. ಹಗಲಿನಲ್ಲಿ, ಬಾನಂಚು ಕಾಣುವಾಗ, ಅದು ಸಾಧ್ಯ. ಲಿಮಾದ ಚಾಲಕರೂ ಅನುಭವಿಗಳೇ.

ಅಮೆರಿಕದಲ್ಲಿ ಮೋಡದೊಳಗೆ ಮಾಪಕಗಳನ್ನು ನಂಬಿ ಹಾರುವ ವಿಮಾನಗಳ ಸ್ಥಿರ ಮಾರ್ಗವನ್ನೂ ಎತ್ತರಮಾಪಕವನ್ನೂ 24 ತಿಂಗಳಿಗೊಮ್ಮೆ ಪರೀಕ್ಷಿಸಬೇಕೆಂದು ವಿಧಿಯಿದೆ. ತಿಳಿಬಾನಿನಲ್ಲಿ ಮಾತ್ರ ಹಾರುವ ವಿಮಾನಕ್ಕೆ ಆ ನಿರ್ಬಂಧವಿಲ್ಲ. ಪಿಟೋ ಕೊಳವೆಯ ಮಾತಂತೂ ಆ ವಿಧಿಯಲ್ಲಿ ಬರುವುದಿಲ್ಲ. ಈ ವಿಂಗಡಣೆ ನಮಗೆ ಸಮಂಜಸವಾಗಿ ತೋರುವುದಿಲ್ಲ. ನಿಧಾನವಾಗಿ ಇಳಿಯುವ ಅಪಾಯ ತಿಳಿಬಾನಿನಲ್ಲಿಯೂ ಅಷ್ಟೇ ಇದೆ. ಎರಡು ಕೊಳವೆಗಳ ಸೋರಿಕೆಯ ಪರೀಕ್ಷೆಗೆ ಹಿಡಿಯುವ ಹೊತ್ತು ಅಲ್ಪ. ಎಲ್ಲ ಸಣ್ಣ ವಿಮಾನಗಳಿಗೂ, ಎಲ್ಲ ದೇಶಗಳಲ್ಲಿಯೂ, ಅದನ್ನು ವಾರ್ಷಿಕ ತಪಾಸಣೆಯ ಅಂಗವಾಗಿ ಮಾಡುವುದು ಯುಕ್ತ. ಹುಳುವೇನೂ ವಿಮಾನದ ಪರವಾನಗಿ ಪತ್ರವನ್ನು ಓದಿ ಗೂಡು ಕಟ್ಟುವುದಿಲ್ಲ. ಅಮೆರಿಕ ಖಂಡದ ಉಷ್ಣಪ್ರದೇಶಗಳಿಂದ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರಕ್ಕೆ ಬಂದು ಸೇರಿದ ಕಣಜವೊಂದು ಅಲ್ಲಿಯ ನಿಲ್ದಾಣದಲ್ಲಿ ಪಿಟೋ ಕೊಳವೆಗಳನ್ನೇ ಮನೆಮಾಡಿಕೊಳ್ಳುತ್ತಿರುವುದನ್ನು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ವಿವರಿಸಿದೆ. ಅಲ್ಲಿ 2013ರ ನವೆಂಬರಿನಲ್ಲಿ ಏರ್‌ಬಸ್ ವಿಮಾನವೊಂದು ಎರಡು ಗಂಟೆ ನಿಂತಿದ್ದಷ್ಟರಲ್ಲಿಯೇ ಕೊಳವೆ ಮುಚ್ಚಿಹೋಗಿತ್ತು. ವೇಗ ಸರಿಯಾಗಿ ಕಾಣದೆ ಚಾಲಕರು ಓಟ ನಿಲ್ಲಿಸಿ ಹಿಂತಿರುಗಿದರು. ಆಗ ಎಲೆಕ್ಟ್ರಾನಿಕ್ ಘಟಕಗಳನ್ನು ಅದಲುಬದಲು ಮಾಡಿದರೇ ಹೊರತು ಕೊಳವೆಯನ್ನು ಪರೀಕ್ಷಿಸಲಿಲ್ಲ. ಎರಡನೆಯ ಸಲ ಹೊರಟಾಗ ದೋಷ ಮತ್ತೆ ಕಾಣಿಸಿಕೊಂಡು, ತುರ್ತಾಗಿ ಹಿಂದಿರುಗಿ ಕ್ಷೇಮವಾಗಿ ಇಳಿದರು.

ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಿಗೂ ಇಲ್ಲೊಂದು ಕೆಲಸವಿದೆ. ಒಂದೂವರೆ ಮೀಟರಿನ ಪಾರದರ್ಶಕ ನಳಿಕೆಯನ್ನು ಇಂಗ್ಲಿಷಿನ ಯು ಅಕ್ಷರದಂತೆ ಹಲಗೆಗೆ ಬಿಗಿದು, ಬಣ್ಣದ ನೀರು ತುಂಬಿ, ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟರೆ ವೇಗಮಾಪಕವನ್ನು ತೂಗಬಲ್ಲ ಉಪಕರಣ ಸಿದ್ಧ. ಎರಡು ಕಾಲುಗಳ ನೀರಿನ ಮಟ್ಟದ ಅಂತರ 26.5 ಮಿಲಿಮೀಟರಾದರೆ 40 ನಾಟ್, 59.5 ಆದರೆ 60, 106 ಆದರೆ 80, 238 ಆದರೆ 120. ಈ ಅಂಕಿಗಳನ್ನು ಬರ್ನೂಲಿಯ ನಿಯಮದಿಂದ ವಿದ್ಯಾರ್ಥಿಗಳೇ ಗುಣಿಸಿ ತೆಗೆಯಬಹುದು. ಗಾಳಿಯ ಸಾಂದ್ರತೆಯನ್ನು ಘನಮೀಟರಿಗೆ 1.225 ಕಿಲೋಗ್ರಾಮೆಂದು ಹಿಡಿಯಬೇಕು. ಸೇವೆಯಿಂದ ತೆಗೆದ ಹಳೆಯ ವೇಗಮಾಪಕವೊಂದು ದೊರೆತರೆ ಅದಕ್ಕೆ ಜೋಡಿಸಿ ನೋಡಲಿ. ಹಾರುವ ವಿಮಾನಕ್ಕೆ ಜೋಡಿಸುವ ಕೆಲಸ ಮಾತ್ರ ಪರವಾನಗಿ ಪಡೆದ ಇಂಜಿನಿಯರದು.